ಪ್ರವೇಶದ ಷರತ್ತು: ಐರಿಷ್ ಕಥಾಸ್ಪರ್ಧೆಗಳ ಚರಿತ್ರೆಯಿಂದ ಒಂದು ಪ್ರಶ್ನೆ

ಕಥಾಸ್ಪರ್ಧೆಯ ಪ್ರಕಟಣೆಯನ್ನು ಸಾಹಿತ್ಯಚರಿತ್ರೆಯ ಆಕರವಾಗಿ ಓದುವ ರೂಢಿ ನಮ್ಮಲ್ಲಿ ಕಡಿಮೆ. ಬಹುಮಾನ ಪಡೆದ ಕತೆ ಸಂಕಲನಗಳಲ್ಲಿ ಉಳಿಯುತ್ತದೆ, ಪ್ರಕಟಣೆ ಮರೆತುಹೋಗುತ್ತದೆ. ಆದರೆ ಯಾರು ಭಾಗವಹಿಸಬಹುದು ಎಂದು ಹೇಳುವ ಅದರ ಒಂದು ಸಾಲು ಆ ಸಾಹಿತ್ಯದ ಎಲ್ಲೆಯನ್ನೇ ಗುರುತಿಸಿರುತ್ತದೆ. ‘ಐರಿಷ್ ಬರಹಗಾರ’ ಎಂದರೆ ಯಾರು ಎಂಬ ಪ್ರಶ್ನೆಗೆ ಐರ್ಲೆಂಡಿನ ಸ್ಪರ್ಧೆಗಳು ಎರಡು ಕಾಲಘಟ್ಟಗಳಲ್ಲಿ ಎರಡು ಬಗೆಯ ಉತ್ತರ ಕೊಟ್ಟಿವೆ. ಆ ಉತ್ತರಗಳನ್ನು ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

1851ರ ಜನಗಣತಿಯಲ್ಲಿ ಐರಿಷ್ ಭಾಷೆಯನ್ನು ಬಲ್ಲವರ ಸಂಖ್ಯೆ ಸುಮಾರು 15 ಲಕ್ಷವಿತ್ತು. 1901ರ ಹೊತ್ತಿಗೆ ಅದು ಸುಮಾರು 6.4 ಲಕ್ಷಕ್ಕೆ, ಎಂದರೆ ಜನಸಂಖ್ಯೆಯ ಶೇ. 14ರಷ್ಟಕ್ಕೆ ಇಳಿದಿತ್ತು. ಮಹಾಕ್ಷಾಮ, ವಲಸೆ, ಇಂಗ್ಲಿಷ್ ಮಾಧ್ಯಮದ ಶಾಲೆಗಳು ಇದಕ್ಕೆ ಮುಖ್ಯ ಕಾರಣಗಳು. ಈ ಇಳಿಮುಖವನ್ನು ತಡೆಯಲೆಂದು 1893ರಲ್ಲಿ ಡಬ್ಲಿನ್‌ನಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾಯಿತು. ನಾಲ್ಕು ವರ್ಷಗಳ ಬಳಿಕ, 1897ರಲ್ಲಿ, ಅದು ವೇಲ್ಸ್‌ನ ಐಸ್ಟೆಡ್‌ವಡ್ ಉತ್ಸವದ ಮಾದರಿಯಲ್ಲಿ ಒರಾಖ್ತಸ್ ಎಂಬ ವಾರ್ಷಿಕ ಉತ್ಸವವನ್ನು ಆರಂಭಿಸಿತು. ಅದರ ಸಾಹಿತ್ಯ ಸ್ಪರ್ಧೆಗಳು ಬೇಡಿದ್ದು ಐರಿಷ್ ಭಾಷೆಯ ಬರವಣಿಗೆಯನ್ನು.

ಆದರೆ ಎಂಥ ಬರವಣಿಗೆ? ಐರಿಷ್ ಮನೆಮಾತಾಗಿದ್ದವರಲ್ಲಿ ಹೆಚ್ಚಿನವರಿಗೆ ಆ ಭಾಷೆಯ ಓದುಬರಹ ತಿಳಿದಿರಲಿಲ್ಲ. ಅವರ ಬಳಿ ಇದ್ದದ್ದು ಒಲೆಯ ಮುಂದೆ ಹೇಳುವ ಕತೆಗಳ ಸಮೃದ್ಧ ಪರಂಪರೆ. ಹೀಗಾಗಿ ಗದ್ಯದ ಆದರ್ಶ ಜನಪದ ಕತೆಯೇ ಎಂಬ ವಾದ ಬಲವಾಗಿತ್ತು. ಲೀಗ್‌ನ ಪತ್ರಿಕೆಯ ಸಂಪಾದಕನಾಗಿದ್ದ ಪ್ಯಾಟ್ರಿಕ್ ಪಿಯರ್ಸ್ ಇದನ್ನು ಒಪ್ಪಲಿಲ್ಲ. ಜನಪದ ಕತೆಯ ಅಚ್ಚಿನಲ್ಲಿ ಆಧುನಿಕ ಸಾಹಿತ್ಯವನ್ನು ಕಟ್ಟಲಾಗದು ಎಂಬುದು ಅವನ ನಿಲುವು. 1907ರಲ್ಲಿ ಬಂದ ಅವನ ‘ಈಸಗಾನ್’ ಸಂಕಲನದ ಕಥನಕ್ರಮ ಪರಕೀಯವಾದುದೆಂದು ವಿದ್ವಾಂಸ ರಿಚರ್ಡ್ ಹೆನೆಬ್ರಿ ಕಟುವಾಗಿ ಟೀಕಿಸಿದನು.

ಈ ವಾಗ್ವಾದ ನಡೆಯುತ್ತಿದ್ದ ವರ್ಷಗಳಲ್ಲೇ ಅದಕ್ಕೆ ಸೃಜನಶೀಲ ಉತ್ತರ ಬಂದದ್ದು ಲಂಡನ್ನಿನಿಂದ. 1882ರಲ್ಲಿ ಗಾಲ್ವೇ ಪಟ್ಟಣದಲ್ಲಿ ಹುಟ್ಟಿದ ಪಾದ್ರಿಕ್ ಓ ಕೊನರೆ, ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು, ಐರಿಷ್ ಮಾತಾಡುವ ರಸ್ಮಕ್ ಪ್ರದೇಶದಲ್ಲಿ ಬಂಧುಗಳ ಆಶ್ರಯದಲ್ಲಿ ಕೆಲಕಾಲ ಬೆಳೆದವನು. ಮುಂದೆ ಅವನು ಲಂಡನ್ನಿನ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತನಾದ. ಅಲ್ಲಿನ ಗೇಲಿಕ್ ಲೀಗ್ ಅವನನ್ನು ಮತ್ತೆ ಭಾಷೆಯ ಕಡೆಗೆ ತಿರುಗಿಸಿತು. 1904ರಲ್ಲಿ ಅವನ ‘ಪಾಡೀನ್ ವಾರೆ’ ಕತೆಗೂ 1906ರಲ್ಲಿ ‘ನೋರಾ ವಾರ್ಕಿಶ್ ವಿಗ್’ ಕತೆಗೂ ಒರಾಖ್ತಸ್ ಬಹುಮಾನ ಬಂದಿತು. ಎರಡನೆಯದರಲ್ಲಿ ಪಶ್ಚಿಮ ತೀರದ ಹುಡುಗಿಯೊಬ್ಬಳು ಲಂಡನ್ನಿಗೆ ಹೋಗಿ ಬದುಕು ಹದಗೆಟ್ಟು ಊರಿಗೆ ಮರಳುತ್ತಾಳೆ, ತಂದೆ ಅವಳನ್ನು ಮನೆಯಿಂದ ಹೊರಗಟ್ಟುತ್ತಾನೆ. ಹಳ್ಳಿಯನ್ನು ಭಾಷೆಯ ಪವಿತ್ರ ನೆಲೆಯೆಂದು ಕಾಣುತ್ತಿದ್ದ ಚಳವಳಿಯೇ ಹಳ್ಳಿಯ ನಿಷ್ಕರುಣೆಯನ್ನು ತೋರಿದ ಈ ಕತೆಗೆ ಬಹುಮಾನ ಕೊಟ್ಟಿತೆಂಬುದು ಗಮನಾರ್ಹ. ವಾಸಸ್ಥಳ ಅರ್ಹತೆಯ ಅಳತೆಗೋಲಾಗಿದ್ದರೆ ಈ ಗುಮಾಸ್ತ ಹೊರಗುಳಿಯುತ್ತಿದ್ದ. ಅವನ ವಸ್ತುವಾಗಿದ್ದ ವಲಸೆಯ ಅನುಭವವೂ ಅವನೊಡನೆ ಹೊರಗುಳಿಯುತ್ತಿತ್ತು.

ಸ್ಪರ್ಧೆಯ ಮಿತಿಯನ್ನೂ ಓ ಕೊನರೆಯ ಬದುಕೇ ತೋರಿಸುತ್ತದೆ. ಸ್ಪರ್ಧೆ ಹಸ್ತಪ್ರತಿಯನ್ನು ಹುಟ್ಟಿಸಬಲ್ಲದು, ಓದುಗರನ್ನು ಅಷ್ಟು ಸುಲಭವಾಗಿ ಹುಟ್ಟಿಸಲಾರದು. 1914ರ ಸುಮಾರಿಗೆ ನೌಕರಿ ಬಿಟ್ಟು ಐರ್ಲೆಂಡಿಗೆ ಮರಳಿ, ಬರವಣಿಗೆಯನ್ನೇ ನೆಚ್ಚಿ ಅಲೆಮಾರಿಯಂತೆ ಬಾಳಿದ ಅವನು 1928ರಲ್ಲಿ ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಬಡವನಾಗಿಯೇ ತೀರಿಕೊಂಡ.

ಎರಡನೆಯ ಉತ್ತರ ಬೇರೆಯದು. 1921ರ ವಿಭಜನೆಯಿಂದ ಐರ್ಲೆಂಡಿನ 32 ಕೌಂಟಿಗಳಲ್ಲಿ ಆರು ಬ್ರಿಟಿಷ್ ಆಳ್ವಿಕೆಯಲ್ಲೇ ಉಳಿದವು. 2009ರಲ್ಲಿ ನಡೆದ, 25,000 ಯೂರೋ ಬಹುಮಾನದ ಡೇವಿ ಬರ್ನ್ಸ್ ಕಥಾಸ್ಪರ್ಧೆ ಐರಿಷ್ ಪ್ರಜೆಗಳಿಗೂ ಈ 32 ಕೌಂಟಿಗಳಲ್ಲಿ ಹುಟ್ಟಿದವರಿಗೂ ನೆಲೆಸಿದವರಿಗೂ ತೆರೆದಿತ್ತು. ರಾಜಕೀಯ ಗಡಿಯನ್ನು ಅದು ದಾಟಿತು ನಿಜ. ಆದರೆ ಇಲ್ಲಿ ಬರಹಗಾರನ ಗುರುತು ಹುಟ್ಟು, ನೆಲೆ, ಪೌರತ್ವಗಳಿಂದ ನಿರ್ಧಾರವಾಯಿತೇ ಹೊರತು ಐರಿಷ್ ಭಾಷೆಯಿಂದಲ್ಲ. ಗೆದ್ದದ್ದು ಕ್ಲೇರ್ ಕೀಗನ್ ಇಂಗ್ಲಿಷಿನಲ್ಲಿ ಬರೆದ ‘ಫಾಸ್ಟರ್’. ಅದೇ ಕತೆ 2022ರಲ್ಲಿ ‘ಆನ್ ಕಾಲೀನ್ ಕ್ಯೂನ್’ ಎಂಬ ಚಲನಚಿತ್ರವಾಗಿ ತೆರೆಗೆ ಬಂದಾಗ ಅದರ ಪ್ರಧಾನ ಭಾಷೆ ಐರಿಷ್ ಆಗಿತ್ತು. ನೆಲದ ಹೆಸರಿನಲ್ಲಿ ಆಯ್ಕೆಯಾದ ಕತೆ ಹೀಗೆ ಭಾಷೆಯ ಮನೆಯನ್ನೂ ಸೇರಿತು. ಎರಡು ಉತ್ತರಗಳು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ ಎಂಬುದಕ್ಕೆ ಇದು ನಿದರ್ಶನ.

ಈ ಚರಿತ್ರೆ ನಮಗೆ ದೂರದ್ದಲ್ಲ. 1956ರ ರಾಜ್ಯ ಪುನರ್ವಿಂಗಡಣೆ ಕಾಸರಗೋಡಿನ ಕನ್ನಡಿಗರನ್ನು ಅವರ ಮನೆಗಳಲ್ಲೇ ಇರಿಸಿ, ರಾಜ್ಯವನ್ನು ಮಾತ್ರ ಬದಲಿಸಿತು. ಸೊಲ್ಲಾಪುರದ, ತಾಳವಾಡಿಯ, ಆದವಾನಿಯ ಕನ್ನಡ ಬರಹಗಾರರಿಗೂ ರಾಜ್ಯದ ವಿಳಾಸ ಮತ್ತು ಭಾಷೆಯ ವಿಳಾಸ ಒಂದೇ ಅಲ್ಲ. ಕರ್ನಾಟಕದಲ್ಲಿ ವಾಸವನ್ನು ಕೇಳುವ ಸ್ಪರ್ಧೆ ಕರ್ನಾಟಕದ ಸಾಹಿತ್ಯವನ್ನು ಬೆಳೆಸಬಹುದು. ಕನ್ನಡದಲ್ಲಿ ಬರವಣಿಗೆಯನ್ನು ಮಾತ್ರ ಕೇಳುವ ಸ್ಪರ್ಧೆ ಕನ್ನಡ ಸಾಹಿತ್ಯವನ್ನು ಬೆಳೆಸುತ್ತದೆ. ಗಡಿಯಾಚೆಯ ನಾವು ಪ್ರಕಟಣೆಯಲ್ಲಿ ಬಹುಮಾನದ ಮೊತ್ತಕ್ಕಿಂತ ಮೊದಲು ಆ ಒಂದು ಸಾಲನ್ನು ಓದುವುದು ಇದೇ ಕಾರಣಕ್ಕೆ.