ಆರು ಗಂಟೆಯ ಜಪ

ನಮ್ಮ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸವನ್ನು ಉಳಿಸಿದವರು ಯಾರು ಅಂದರೆ ಎಲ್ಲರೂ ಪಾದ್ರಿಗಳ ಹೆಸರು ಹೇಳುತ್ತಾರೆ. ನನ್ನನ್ನು ಕೇಳಿದರೆ, ದೀಪ ಹಚ್ಚಿ ಜಪಸರ ಹಿಡಿದು ಕೂತ ಅಜ್ಜಿಯರು ಅನ್ನುತ್ತೇನೆ. ಇದರಲ್ಲಿ ಪಕ್ಷಪಾತವೂ ಇದ್ದೀತು. ನಾನು ಕನಕಪುರ ಕಡೆಯ ರೇಷ್ಮೆ ಮನೆಯಲ್ಲಿ ಬೆಳೆದವಳು. ಈಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ.

ಪಾದ್ರಿಗಳ ಪಾಲು ಚಿಕ್ಕದಲ್ಲ. ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಾಮಿ 1648-49ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದರು, ಮೈಸೂರು ಮಿಷನ್ ಕಟ್ಟಿದರು, ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದರು. ಅರ್ಕಾವತಿ ದಂಡೆಯ ಹಾರೋಬೆಲೆಯವರು ತಮ್ಮ ವಿಶ್ವಾಸದ ಬೇರನ್ನು ಆ ಶತಮಾನದಲ್ಲೇ ಕಾಣುತ್ತಾರೆ. (ಹಾರೋಹಳ್ಳಿ, ಹಾರೋಬೆಲೆ ಎರಡನ್ನೂ ಒಂದೇ ಊರು ಅಂದುಕೊಳ್ಳುವವರಿದ್ದಾರೆ. ಬೆಂಗಳೂರಿನಿಂದ ಬಂದರೆ ಒಂದು ಕನಕಪುರಕ್ಕೆ ಮೊದಲು ಸಿಗುತ್ತದೆ, ಇನ್ನೊಂದು ಕನಕಪುರ ದಾಟಿದ ಮೇಲೆ.) ಆದರೆ 1773ರಲ್ಲಿ ಪೋಪರೇ ಯೇಸುಸಭೆಯನ್ನು ರದ್ದು ಮಾಡಿಬಿಟ್ಟರು. ಆಮೇಲೆ ಪ್ಯಾರಿಸ್ ಮಿಷನ್ನಿನ ಗುರುಗಳು ಬಂದರೂ ಅವರು ಬೆರಳೆಣಿಕೆಯಷ್ಟು ಮಂದಿ, ಊರುಗಳು ದೂರದೂರ. ಪೂಜೆಗೆ ಸ್ವಾಮಿಗಳು ಬರುವುದೇ ಅಪರೂಪ ಅನ್ನುವ ಕಾಲದಲ್ಲಿ ದಿನದಿನದ ಭಕ್ತಿ ನಡೆದದ್ದು ಉಪದೇಶಿಗಳಿಂದ, ಮನೆಯ ಹಿರಿಯರಿಂದ.

ಟಿಪ್ಪು ಕಾಲ ಮುಗಿದ ಮೇಲೆ ಮೈಸೂರು ಸೀಮೆಯಲ್ಲಿ ದುಡಿದ ಅದೇ ಪ್ಯಾರಿಸ್ ಮಿಷನ್ನಿನ ಗುರು ಅಬ್ಬೆ ದ್ಯುಬುವಾ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಹೊರಬಂದ ಅವರ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲ ಎಂಬ ನಿರಾಸೆ ತುಂಬಿದೆ. ಜನರನ್ನು ಅಷ್ಟು ಹತ್ತಿರದಿಂದ ಬಲ್ಲವರು ಅವರು. ಆದರೂ ಬೀದಿಯ ಕಡೆಗೇ ನೋಡಿದರೇನೋ, ನಡುಮನೆಯ ಕಡೆ ತಿರುಗಲಿಲ್ಲ ಅನ್ನಿಸುತ್ತದೆ ನನಗೆ.

ನಡುಮನೆಯಲ್ಲಿ ಇದ್ದದ್ದು ಜಪಸರ. ಯುರೋಪಿನಲ್ಲಿ ಅದು ಬೆಳೆದದ್ದೇ ಓದು ಬಾರದವರಿಗಾಗಿ: ಬೈಬಲಿನ 150 ಕೀರ್ತನೆಗಳನ್ನು ಓದಲಾಗದವರು 150 ನಮೋ ಮರಿಯಾ ಜಪ ಹೇಳಿಕೊಳ್ಳಲಿ ಎಂದು. ನಮ್ಮ ಹೆಂಗಸರಿಗೆ ಇದಕ್ಕಿಂತ ಹೊಂದುವುದು ಬೇರೆ ಯಾವುದಿತ್ತು? ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆಯುವವರೆಗೆ ಪೂಜೆ ಲ್ಯಾಟಿನ್ನಿನಲ್ಲೇ. ಪೀಠದ ಮುಂದೆ ಗುರುಗಳ ಲ್ಯಾಟಿನ್, ಕೆಳಗೆ ಚಾಪೆಯ ಮೇಲೆ ಕನ್ನಡದ ಜಪ.

ನಮ್ಮಜ್ಜಿ ಹುಳುಮನೆಯಲ್ಲೂ ಜಪ ಬಿಟ್ಟವಳಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ರೇಷ್ಮೆಹುಳು ಹಗಲು ರಾತ್ರಿ ಸೊಪ್ಪು ಬೇಡುತ್ತದೆ. ಮನೆಮಂದಿ ಒಟ್ಟಿಗೆ ಮಂಡಿಯೂರಲು ಪುರುಸೊತ್ತೆಲ್ಲಿ? ಒಂದು ತಟ್ಟೆಗೆ ಸೊಪ್ಪು ಹಾಕುವಷ್ಟರಲ್ಲಿ ಹತ್ತು ಮಣಿ ಮುಗಿಯುತ್ತಿತ್ತು. ಹುಳುವಿಗೆ ಹೊಗೆ ಆಗದು, ಹಾಗಾಗಿ ಸಾಂಬ್ರಾಣಿ ನಡುಮನೆಗೆ ಮಾತ್ರ. 2002ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಜಪಸರಕ್ಕೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿ ಗುರುವಾರಕ್ಕೆ ಇಟ್ಟರಲ್ಲ, ಅಜ್ಜಿ ಒಪ್ಪಲಿಲ್ಲ. "ಅವ್ರು ರೋಮಲ್ಲಿ ಹೇಳ್ಕೊಳ್ಳಿ ಕಣವ್ವ, ನನ್ ಗುರುವಾರ ನನಗಿರ್ಲಿ" ಅಂದು ಹಳೆಯ ಸಂತೋಷದ ರಹಸ್ಯಗಳನ್ನೇ ಹೇಳುತ್ತಿದ್ದಳು.

ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಜಮೀನು ಪಡೆದು ಹಾರೋಹಳ್ಳಿ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಗಂಟೆಯ ಲೆಕ್ಕವೇ ಬೇರೆಯಾಯಿತು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ತ್ರಿಕಾಲ ಜಪದ ಗಂಟೆ ಹೊಡೆಯುವುದು ದೇವಾಲಯದ ಪದ್ಧತಿ. ಆರು, ಎರಡು, ಹತ್ತು ಶಿಫ್ಟಿನ ಪದ್ಧತಿ. ಬೆಳಗಿನ ಆರೊಂದು ಎರಡಕ್ಕೂ ಹೊಂದುತ್ತದೆ, ಅಷ್ಟೆ. ಸಂಜೆ ಆರಕ್ಕೆ ಒಬ್ಬರು ಲೈನಿನಲ್ಲಿ, ಒಬ್ಬರು ನಿದ್ದೆಯಲ್ಲಿ, ಒಬ್ಬರು ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ. ನಮ್ಮ ಲೈನಿನಲ್ಲಿ ಉಂಗುರ, ಬಳೆ, ಸರ ಯಾವುದೂ ಕೂಡದು, ಜಪಸರವೂ ಲಾಕರಿಗೇ. ಬೆರಳು ಹತ್ತಿವೆಯಲ್ಲ, ಹತ್ತು ಮಣಿಗೆ ಸಾಕು.

ಈ ಜಪ ಬರೀ ಗಿಳಿಪಾಠ, ಮನಸ್ಸಿನಿಂದ ಬರುವ ಸ್ವಂತ ಮಾತೇ ನಿಜವಾದ ಪ್ರಾರ್ಥನೆ ಎಂದು ಧ್ಯಾನಕೂಟಕ್ಕೆ ಹೋಗಿಬಂದ ಹುಡುಗರು ವಾದಿಸುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ರಾತ್ರಿಪಾಳಿಯ ಮೂರು ಗಂಟೆಗೆ ಸ್ವಂತ ಮಾತು ಹುಟ್ಟುವುದಿಲ್ಲ. ಬಾಯಿಪಾಠವಾದ ಜಪ ತಾನೇ ಸಾಗುತ್ತದೆ, ಆಸ್ಪತ್ರೆಯಲ್ಲಿರುವವರು, ಸಾಲ, ಮಗಳ ಓದು ಎಲ್ಲವೂ ಆ ಮಣಿಗಳ ನಡುವೆ ದೇವರ ಮುಂದೆ ಬರುತ್ತವೆ.

2019ರ ಕ್ರಿಸ್‌ಮಸ್ ದಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಅಡಿಗಲ್ಲು ಬಿತ್ತು, ಗದ್ದಲವೆದ್ದಿತು, ಟಿವಿಯವರೆಲ್ಲ ಬಂದರು. ತಪಸ್ಸುಕಾಲದಲ್ಲಿ ಶಿಲುಬೆ ಹಾದಿ ಮಾಡುತ್ತ ಅದೇ ಬೆಟ್ಟ ಹತ್ತುವವರ ಸುದ್ದಿ ಮಾತ್ರ ಕಡಿಮೆ.

ಹಾಗೆಯೇ ಚರಿತ್ರೆಯೂ. 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಬಿಷಪ್ ಶಾರ್ಬೊನ್ನೋ ಅವರ ಲ್ಯಾಟಿನ್-ಕನ್ನಡ ನಿಘಂಟು ಗ್ರಂಥಾಲಯ ಸೇರಿದೆ. ಅಜ್ಜಿಯರ ಜಪಗಳು ಯಾವ ಗ್ರಂಥಾಲಯ ಸೇರಿವೆ? ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಜಪದ ಪುಸ್ತಕ, ಕೈಬರಹದ ನೋಟುಬುಕ್ಕು ಇದ್ದರೆ ಗುಜರಿಗೆ ಹಾಕಬೇಡಿ. ಹೇಳಬಲ್ಲ ಹಿರಿಯರಿದ್ದರೆ, ಮುಂದಿನ ವಾರದ ರಜೆಯಲ್ಲಿ ಅವರ ಪಕ್ಕ ಕೂತು ಮೊಬೈಲಿನಲ್ಲಿ ದನಿ ಹಿಡಿದಿಡಿ.