ಜಾಕೋ ಆತೂಂ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸನ್ನೇರುತ್ತ ಮುದುಕರೊಬ್ಬರು ಮಗನಿಗೆ "ಜಾಕೋ ಆತೂಂ" ಎಂದರು. ನಮ್ಮ "ಹೋಗಿ ಬರುತ್ತೇನೆ"ಯೇ ಟೋಪಿ ತೊಟ್ಟು ನಿಂತಂತಿತ್ತು! ಈ ಸೀಮೆಯ ದಖನಿ ಹಾಗೆಯೇ. "ಬರ್ತೀನಿ ಅಂತ ಹೇಳಿದ" ಎನ್ನುವುದು ಅವರಲ್ಲಿ "ಆತೂಂ ಬೋಲ್ಕೆ ಬೋಲ್ಯಾ". ನಮ್ಮ 'ಅಂತ'ವೇ ಅವರ 'ಬೋಲ್ಕೆ'. ಶತಮಾನಗಳ ನೆರೆಹೊರೆಯಲ್ಲಿ ವಾಕ್ಯಗಳೇ ಒಂದಕ್ಕೊಂದು ಒಗ್ಗಿಹೋಗಿವೆ. ಸಂತೆಯಲ್ಲಿ ದುಭಾಷಿ ಬೇಕಿರಲಿಲ್ಲ.

ಕಚೇರಿಯ ಮಾತು ಬೇರೆ. ನಿಜಾಮರ ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಪೀಠಕ್ಕೆ ಉರ್ದು ಬಂದಿತ್ತು. ಅದೂ ಸಂತೆಯ ದಖನಿಯಲ್ಲ, ಪಂಡಿತರ ಉರ್ದು. ರೈತ ಕನ್ನಡದಲ್ಲಿ ಹೇಳಿದ್ದನ್ನು ಬರೆಯುವವನು ಉರ್ದುವಿಗಿಳಿಸುವನು, ರೈತ ಹೆಬ್ಬೆಟ್ಟೊತ್ತುವನು. ತಾನಾಡಿದ್ದೇ ಅಲ್ಲಿದೆಯೆಂದು ನಂಬುವುದಷ್ಟೇ ಅವನ ಪಾಲಿನದು. 1948ರಲ್ಲಿ ಸಂಸ್ಥಾನ ಹೋಯಿತು. 1956ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಾಗದಗಳು ಮಾತ್ರ ಟ್ರಂಕುಗಳಲ್ಲೇ ಉಳಿದವು.

ನಮ್ಮ ಅಜ್ಜನದೊಂದನ್ನು ಓದಿಸಲೆಂದೇ ನಾನೂ ಹೊರಟಿದ್ದೆ. ಆ ಮುದುಕರ ಕೈಗೇ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಬಾವ್ಯಾಗ ನಿಮ್ದು ಅರ್ಧಾ ಪಾಲು ಅದ ಅಂತ ಬರ್ದಾರ್ರಿ."

ಅಜ್ಜ ಸಾಯುವವರೆಗೂ ಇಡೀ ಬಾವಿ ನಮ್ಮದೆಂದೇ ಹೇಳುತ್ತಿದ್ದರು.