ಮಾಧ್ಯಮಗಳ ದೃಷ್ಟಿಯಲ್ಲಿ ಜತ್ತ ಸೀಮೆಯ ಕನ್ನಡಿಗರು

ಸೊರಡಿ, ಉಮರಾಣಿ, ಗುಡ್ಡಾಪುರ, ಸಂಖ ಮೊದಲಾದ ನಮ್ಮ ಜತ್ತ ತಾಲೂಕಿನ ಊರುಗಳ ಹೆಸರು ದೊಡ್ಡ ಪತ್ರಿಕೆಗಳಲ್ಲಿ ಕಾಣುವುದು ಅಪರೂಪ. ಕಂಡರೂ ಬರಗಾಲದ ಸುದ್ದಿಯಲ್ಲಿ, ಇಲ್ಲವೇ ಗಡಿ ತಂಟೆಯ ಸುದ್ದಿಯಲ್ಲಿ.

ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನಾವು ಆಚೆಯೇ ಉಳಿದೆವು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ವರದಿ ಸಲ್ಲಿಸಿ, ಜತ್ತ ತಾಲೂಕಿನ ಕನ್ನಡ ಹಳ್ಳಿಗಳನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆದರೆ ಪತ್ರಿಕೆಗಳ ಲೇಖನಿಗೆ ನಾವು ಅಂದಿನಿಂದ ಬರೀ 'ಗಡಿ ಸಮಸ್ಯೆ'ಯಾಗಿಬಿಟ್ಟೆವು.

2022ರ ನವೆಂಬರ್ ತಿಂಗಳನ್ನು ಸಂಘದ ಸದಸ್ಯರು ಮರೆತಿರಲಾರರು. ಜತ್ತದ ಸುಮಾರು 40 ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರಲು ಠರಾವು ಮಾಡಿದ್ದವೆಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹೇಳಿದರು. ಅದು 2012ರ ಹಳೆಯ ಠರಾವೆಂದೂ, ಒಂದು ಹಳ್ಳಿಯೂ ಹೋಗದೆಂದೂ ದೇವೇಂದ್ರ ಫಡಣವೀಸರು ಉತ್ತರಿಸಿದರು. ಆಮೇಲೆ ವಾರಗಟ್ಟಲೆ ದೂರದರ್ಶನದ ವಾಹಿನಿಗಳಲ್ಲಿ ಮಸಿ ಬಳಿದ ಬಸ್ಸುಗಳದೇ ದೃಶ್ಯ. ಕನ್ನಡ ವಾಹಿನಿಗೆ ನಾವು ತಾಯಿಯಿಂದ ಅಗಲಿದ ಮಕ್ಕಳು. ಮರಾಠಿ ವಾಹಿನಿಗೆ ಮುನಿಸಿಕೊಂಡ ಮಕ್ಕಳು. ಎರಡೂ ಕಡೆ ಮಕ್ಕಳೇ! ಠರಾವಿನ ಬೇರು ನೀರಿನಲ್ಲಿತ್ತು. ಮ್ಹೈಸಾಳ ಏತ ನೀರಾವರಿಯ ಕಾಲುವೆ ಪೂರ್ವ ಭಾಗದ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಗಡಿಯಾಚೆ ತುಬಚಿ–ಬಬಲೇಶ್ವರ ಯೋಜನೆಯ ನೀರು ಹರಿಯುತ್ತಿತ್ತು. ಹೊಲ ಒಣಗಿದ ರೈತನ ಲೆಕ್ಕಾಚಾರ ತೆರೆಯ ಮೇಲೆ ಬರುವ ಹೊತ್ತಿಗೆ ಭಾಷೆಯ ಕಾಳಗವಾಗಿತ್ತು.

ಜಪಾನಿನ ಹೊಕ್ಕೈಡೊ ದ್ವೀಪದ ಮೂಲನಿವಾಸಿಗಳಾದ ಐನು ಜನರ ಇತಿಹಾಸವನ್ನು ಓದುವಾಗ ನಮಗೆ ಈ ಮಾತು ನೆನಪಾಗುತ್ತದೆ. ಅವರ ನೆಲ, ನುಡಿ ಎರಡೂ ಹೋದವು. ನಮ್ಮ ನೋವನ್ನು ಅದರ ಸಮಕ್ಕೆ ಇಡುವುದು ಅತಿಯಾದೀತು. ಆದರೂ ಚಿತ್ರಿಸುವ ಬಗೆಯಲ್ಲಿ ಹೋಲಿಕೆಯಿದೆ. 1903ರ ಓಸಾಕಾ ವಸ್ತುಪ್ರದರ್ಶನದಲ್ಲಿ ಅವರನ್ನೇ ಪ್ರದರ್ಶನದ ವಸ್ತುಗಳಾಗಿಸಿದರು. ಪ್ರವಾಸಿಗರಿಗೆ ಐನು ಎಂದರೆ ಮರದಲ್ಲಿ ಕೆತ್ತಿದ ಕರಡಿ. 2021ರ ಮಾರ್ಚ್‌ನಲ್ಲಿ ಕೂಡ ಅಲ್ಲಿಯ ಟಿ.ವಿ.ಯ ಬೆಳಗಿನ ಕಾರ್ಯಕ್ರಮವೊಂದು ಅವರ ಹೆಸರನ್ನು ನಾಯಿಗೆ ತಳುಕುಹಾಕಿ ಶ್ಲೇಷೆ ಮಾಡಿತು. ವಾಹಿನಿ ಕ್ಷಮೆ ಕೇಳಬೇಕಾಯಿತು. ಇದಕ್ಕೆ ಇಪ್ಪತ್ತು ವರ್ಷ ಮೊದಲೇ, 2001ರಲ್ಲಿ, ನಿಬುತಾನಿ ಎಂಬ ಹಳ್ಳಿಯಲ್ಲಿ ಕಯಾನೊ ಶಿಗೆರು ಅವರು ಐನು ನುಡಿಯ ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ಪರರು ಬರೆದ ಚಿತ್ರಕ್ಕೆ ಅವರು ಕೊಟ್ಟ ಉತ್ತರವದು.

ನಮ್ಮ ಸೀಮೆಗೆ ಸ್ವಂತ ಬಾನುಲಿ ಇಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯೇ ಹಿರಿಯರ ಕಿವಿಗೆ ಕನ್ನಡವನ್ನು ತಲುಪಿಸಿತು. ಇಂದು ತಾಲೂಕಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು ಸಿಗುವರೇ ಎಂಬುದು ಮನೆಮನೆಯ ಚಿಂತೆ. ಅದು ಸುದ್ದಿಯಾಗುವುದು ಒಂದು ದಿನ ಮಾತ್ರ. ಮಸಿ ಬಳಿದ ಬಸ್ಸಿಗಿರುವ ಬೆಲೆ ಖಾಲಿ ಕುರ್ಚಿಗಿಲ್ಲ.

ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನಾಗಿ ಗುಡ್ಡಾಪುರದಲ್ಲಿ ನೆಲೆಸಿದಳು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆಗಳಿಂದ ಜನ ನಡೆದು ಬರುತ್ತಾರೆ, ಸಾಂಗಲಿ, ಸೊಲ್ಲಾಪುರಗಳಿಂದಲೂ ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಎರಡೂ ನುಡಿಗಳು ಒಟ್ಟಿಗೇ ಕೇಳಿಸುತ್ತವೆ. ತಂಟೆಯ ದಿನಗಳಲ್ಲಿ ಜತ್ತಕ್ಕೆ ಧಾವಿಸಿದ ಕ್ಯಾಮೆರಾಗಳು ಈ ಪಂಕ್ತಿಯ ಮುಂದೆಯೂ ಒಂದು ಸಲ ನಿಲ್ಲಲಿ ಎಂದು ನಾವು ಬಯಸುತ್ತೇವೆ.